ದಂಡೆಯ ಮೇಲೆ ಕೂತ ದೋಣಿ

ಬಸವಸಾಗರ ಅಣೆಕಟ್ಟಿನ ಗೇಟು ಎತ್ತಿದರಂತೆ ಎಂಬ ಸುದ್ದಿ ನಾರಾಯಣಪುರದಿಂದ ಬಂದಾಗಲೆಲ್ಲ ಯಾದಗಿರಿ ಜಿಲ್ಲೆಯ ಕೃಷ್ಣಾ ತೀರದ ಜನ ಕೇಳುವುದು ಎರಡೇ ಪ್ರಶ್ನೆ. ಕೊಳ್ಳೂರಿನ ಬಳಿ ದೇವದುರ್ಗದ ಕಡೆಗೆ ದಾಟಿಸುವ ಹೂವಿನಹೆಡಗಿ ಸೇತುವೆಯ ಮೇಲೆ ನೀರು ಬಂತೇ? ಸುರಪುರ ಸೀಮೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಯವರು ಈಚೆ ಬಂದರೇ, ಅಲ್ಲೇ ಉಳಿದರೇ? ಇವೆರಡಕ್ಕೂ ಉತ್ತರ ಟಿವಿಯಲ್ಲಿ ಸಿಗುತ್ತದೆ. ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ಕಡಿಮೆ, ಕೇಳಿದರೂ ತಡವಾಗಿ ಕೇಳುತ್ತಾರೆ. ಊರಿನ ತೆಪ್ಪ, ಅಂದರೆ ಬಿದಿರಿನ ಗುಂಡು ದೋಣಿ, ಎಲ್ಲಿದೆ, ಕಳೆದ ದೀಪಾವಳಿಯಿಂದ ಅದು ಯಾವ ಸ್ಥಿತಿಯಲ್ಲಿ ಬಿದ್ದಿದೆ, ಈಗ ಬೇಕೆಂದರೆ ಅದನ್ನು ನೀರಿನವರೆಗೆ ಸಾಗಿಸುವುದು ಯಾವುದರಲ್ಲಿ? ಹಳೆಯ ದೋಣಿಯನ್ನು ಮತ್ತೆ ನೀರಿಗಿಳಿಸುವ ಮಾತು ಬಂದಾಗ ನಮ್ಮ ಕಣ್ಣು ನೇರ ಹೋಗುವುದು ಅದರ ತಳದ ತೂತಿಗೆ. ತೂತು ಮುಚ್ಚಿದರೆ ದುರಸ್ತಿ ಮುಗಿಯಿತೆಂದು ನಂಬುತ್ತೇವೆ. ಆದರೆ ಕೃಷ್ಣೆ ಮತ್ತು ಭೀಮೆಯ ನಡುವಿನ ಈ ನೆಲದಲ್ಲಿ ದೋಣಿ ಕೆಡುವುದು ಹೆಚ್ಚಾಗಿ ದಂಡೆಯ ಮೇಲೆ, ನೀರಿಲ್ಲದ ತಿಂಗಳುಗಳಲ್ಲಿ. ಹಾಗಾದರೆ ದೋಣಿಯ ದುರಸ್ತಿ ಶುರುವಾಗಬೇಕಾದ್ದು ಅದು ಕೂರುವ ಜಾಗದಿಂದ, ಅದನ್ನು ಹೊರುವ ಬಂಡಿ ಅಥವಾ ಟ್ರ್ಯಾಲಿಯಿಂದ. ಈ ಲೇಖನದ ವಾದ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಪುರಾವೆ.

ದೋಣಿಗೂ ನೆಲದ ದಾರಿಗೂ ಇರುವ ನಂಟು ಹೊಸದೇನಲ್ಲ. ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಚರ್ಮದ ಗುಂಡು ದೋಣಿಗಳನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ವರ್ಣಿಸಿದ್ದಾನೆ. ಆ ಪ್ರತಿ ದೋಣಿಯಲ್ಲೂ ಸರಕಿನ ಜೊತೆ ಒಂದು ಕತ್ತೆ ಇರುತ್ತಿತ್ತಂತೆ. ಪ್ರವಾಹದ ಎದುರು ದೋಣಿ ಹೋಗಲಾರದು. ಹಾಗಾಗಿ ಪಟ್ಟಣ ಮುಟ್ಟಿದ ಮೇಲೆ ವ್ಯಾಪಾರಿಗಳು ಸರಕಿನೊಂದಿಗೆ ದೋಣಿಯ ಕಟ್ಟಿಗೆಯ ಹಂದರವನ್ನೂ ಮಾರಿ, ಚರ್ಮವನ್ನಷ್ಟೇ ಮಡಿಸಿ ಕತ್ತೆಯ ಮೇಲೆ ಹೇರಿಕೊಂಡು ನಡೆದು ಮರಳುತ್ತಿದ್ದರು. ದೋಣಿಯನ್ನು ಹೊರುವ ವಾಹನ ದೋಣಿಯೊಳಗೇ ಪ್ರಯಾಣಿಸುತ್ತಿತ್ತು ಎಂದಾಯಿತು! ಅಲ್ಲಿ ಹಂದರ ಅಗ್ಗ, ಚರ್ಮ ದುಬಾರಿ. ಯಾವುದನ್ನು ಉಳಿಸಬೇಕೆಂಬ ಲೆಕ್ಕ ಅವರಿಗೆ ಸ್ಪಷ್ಟವಾಗಿತ್ತು. ನಮ್ಮ ತೆಪ್ಪದಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟಿಸುತ್ತಿದ್ದ ಬುಟ್ಟಿ ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು. ನೇರ ಹೋಗದೆ ಸುತ್ತುತ್ತಲೇ ದಾಟುತ್ತಿತ್ತು. ಐದು ಶತಮಾನ ಕಳೆದರೂ ಆಕಾರ ಬದಲಾಗಿಲ್ಲ, ಹೊದಿಕೆ ಬದಲಾಗಿದೆ. ಎತ್ತಿನ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ತಾಡಪತ್ರಿ ಬಂದಿವೆ. ಅದರ ಮೇಲೆ ಡಾಂಬರು. ಈಗ ಹೊದಿಕೆ ಅಗ್ಗ, ಯಾವ ಸಂತೆಯಲ್ಲೂ ಸಿಗುತ್ತದೆ. ಕೈಯಿಂದ ಹೆಣೆದ ಬಿದಿರಿನ ಹಂದರವೇ ಬೆಲೆಬಾಳುವುದು. ಹಳೆಯ ತೆಪ್ಪವನ್ನು ಉಳಿಸುವುದೆಂದರೆ ಆ ಹಂದರವನ್ನು ಉಳಿಸುವುದು.

ಹಂದರವನ್ನು ಕೆಡಿಸುವುದು ಯಾವುದು ಎಂದು ನೋಡಿದರೆ ನದಿಯ ಮೇಲಿನ ಆರೋಪ ಅರ್ಧಕ್ಕಿಂತ ಹೆಚ್ಚು ಬಿದ್ದುಹೋಗುತ್ತದೆ. ಬಿದಿರಿನೊಳಗಿನ ಪಿಷ್ಟಕ್ಕಾಗಿ ಬರುವ ಹುಳು ಒಣ ಬಿದಿರನ್ನೇ ಕೊರೆಯುತ್ತದೆ. ಗೆದ್ದಲು ಏರುವುದು ನೆಲದಿಂದ. ಒಂದು ಕಡೆ ಮಣ್ಣಿಗೆ ತಾಗಿ ಸದಾ ತೇವ, ಇನ್ನೊಂದು ಕಡೆ ಬಿಸಿಲು ಎಂಬಂತಿದ್ದರೆ ಬೂಷ್ಟು ಹಿಡಿದು ದಬ್ಬೆ ಮೆತ್ತಗಾಗುತ್ತದೆ. ದಂಡೆಯಲ್ಲಿ ಮುಖ ಮೇಲಾಗಿ ಇಟ್ಟ ತೆಪ್ಪದಲ್ಲಿ ಅಕಾಲಿಕ ಮಳೆಯ ನೀರು ನಿಂತು ತಳದ ಹೆಣಿಗೆ ಕೊಳೆಯುತ್ತದೆ. ಇವುಗಳಲ್ಲಿ ಒಂದೂ ನಡುಹೊಳೆಯಲ್ಲಿ ನಡೆಯುವ ಸಂಗತಿಯಲ್ಲ. ಇನ್ನು ಡಾಂಬರಿನ ಕಥೆ. ರಸ್ತೆಗೆ ಬಳಸುವ ಸಾಮಾನ್ಯ ಡಾಂಬರು 45ರಿಂದ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಯಾದಗಿರಿಯ ಗಾಳಿಯ ಉಷ್ಣವೇ 42-43 ಡಿಗ್ರಿ ಮುಟ್ಟುವಾಗ, ಬಿಸಿಲಿಗೆ ಮೈಯೊಡ್ಡಿದ ಕಪ್ಪು ಮೇಲ್ಮೈ ಎಷ್ಟು ಕಾದೀತೆಂದು ಬರಿಗಾಲಲ್ಲಿ ಡಾಂಬರು ರಸ್ತೆ ದಾಟಿದವರಿಗೆ ಹೇಳಬೇಕಿಲ್ಲ. ಬಳಿದ ಡಾಂಬರು ಮೆಲ್ಲಗೆ ಜಾರಿ ಒಂದು ಕಡೆ ಗಡ್ಡೆಗಟ್ಟುತ್ತದೆ, ಇನ್ನೊಂದು ಕಡೆ ಚೀಲದ ನೇಯ್ಗೆ ಬೆತ್ತಲಾಗುತ್ತದೆ. ವರ್ಷಗಟ್ಟಲೆ ಗಾಳಿ ಬಿಸಿಲು ಕುಡಿದ ಡಾಂಬರು ಗಡಸಾಗಿ, ಮುಟ್ಟಿದರೆ ಸೀಳುತ್ತದೆ. ಜುಲೈನಲ್ಲಿ ನೀರು ಬಂದಾಗ ‘ತೆಪ್ಪ ಸೋರುತ್ತಿದೆ’ ಎಂದು ಹೊಳೆಯನ್ನು ದೂರುತ್ತೇವೆ. ಸೋರಿಕೆ ಆಗಲೇ ಎರಡು ತಿಂಗಳ ಹಳೆಯದು.

ಸೋರುವ ತೆಪ್ಪಕ್ಕೆ ಸಾಮಾನ್ಯವಾಗಿ ಮಾಡುವ ಮದ್ದು ಹಳೆಯದರ ಮೇಲೆ ಇನ್ನೊಂದು ಪದರ. ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಹತ್ತು ಅಡಿ ಅಗಲದ ತೆಪ್ಪದ ಹೊರಮೈ ಸುಮಾರು 10 ಚದರ ಮೀಟರ್. ಅದರ ಮೇಲೆ ಎರಡು ಮಿಲಿಮೀಟರ್ ದಪ್ಪ ಡಾಂಬರು ಬಳಿದರೆ ತೂಕ ಸುಮಾರು 20 ಕಿಲೊ. ಐದು ವರ್ಷ ಕೆರೆಯದೆ ಬಳಿದರೆ ಒಂದು ಕ್ವಿಂಟಲ್. ಅಷ್ಟೇ ಅಗಲದ ತೆಪ್ಪ ನೀರಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸರಿಸುಮಾರು 70 ಕಿಲೊ ಹೊರುತ್ತದೆ, ಅಂದರೆ ಒಬ್ಬ ಮನುಷ್ಯನಿಗೆ ಒಂದು ಸೆಂಟಿಮೀಟರ್. ಒಂದು ಕ್ವಿಂಟಲ್ ಹಳೆಯ ಡಾಂಬರೆಂದರೆ ಒಂದೂವರೆ ಮನುಷ್ಯರ ಜಾಗವನ್ನು ಯಾರೂ ಹತ್ತುವ ಮೊದಲೇ ಬಿಟ್ಟುಕೊಟ್ಟಂತೆ. ಧೂಳು ಕೂತ ಹಳೆಯ ಪದರಕ್ಕೆ ಹೊಸದು ಸರಿಯಾಗಿ ಅಂಟುವುದೂ ಇಲ್ಲ. ಆದ್ದರಿಂದ ದುರಸ್ತಿಯ ಮೊದಲ ಕೆಲಸ ಬಿಚ್ಚುವುದು. ಹೊದಿಕೆ ಪೂರ್ತಿ ತೆಗೆದು, ಹಂದರವನ್ನು ಬೆಳಕಿಗೆ ಹಿಡಿದು, ಒಂದೊಂದೇ ದಬ್ಬೆ ತಟ್ಟಿ ನೋಡುವುದು. ಗಟ್ಟಿ ಬಿದಿರು ಟಣ್ಣೆನ್ನುತ್ತದೆ, ಹುಳು ತಿಂದದ್ದು ಮಂಕಾಗಿ ಸದ್ದು ಮಾಡಿ ಹಿಟ್ಟು ಉದುರಿಸುತ್ತದೆ. ಬುಟ್ಟಿಯ ಹೆಣಿಗೆಯ ದೊಡ್ಡ ಗುಣವೆಂದರೆ ನಾಲ್ಕು ದಬ್ಬೆ ಕೆಟ್ಟರೆ ನಾಲ್ಕನ್ನೇ ಬದಲಿಸಬಹುದು. ಭಾರವನ್ನು ಇಡೀ ಹೆಣಿಗೆ ಹಂಚಿಕೊಳ್ಳುತ್ತದೆ. ಆದರೆ ಬಾಯಿಯ ಸುತ್ತಲಿನ ಅಂಚಿನ ಬಳೆಗೆ ಈ ರಿಯಾಯಿತಿ ಇಲ್ಲ. ತೆಪ್ಪದ ಆಕಾರವನ್ನು ಹಿಡಿದಿಟ್ಟಿರುವುದೇ ಆ ಬಳೆ. ಅದು ಹಲವು ಕಡೆ ಕೊಳೆತಿದ್ದರೆ ಆ ತೆಪ್ಪ ಕೋಳಿ ಮುಚ್ಚಲಿಕ್ಕೆ ಯೋಗ್ಯ, ಜನರನ್ನು ಹೊರಲಿಕ್ಕಲ್ಲ.

ಈಗ ಹೊರುವ ಗಾಡಿಗೆ ಬರೋಣ. ದೋಣಿ ಎಳೆಯಲೆಂದೇ ಮಾಡಿದ ಟ್ರೇಲರ್ ನಮ್ಮ ಸೀಮೆಯಲ್ಲಿ ಕಾಣುವುದು ಅಪರೂಪ. ಇರುವುದು ಟೈರ್ ಬಂಡಿ ಮತ್ತು ಟ್ರ್ಯಾಕ್ಟರ್ ಟ್ರ್ಯಾಲಿ. ಹತ್ತಿಯನ್ನೂ ಭತ್ತವನ್ನೂ ಇಟ್ಟಿಗೆಯನ್ನೂ ಹೊತ್ತ ಅದೇ ಟ್ರ್ಯಾಲಿ ಪ್ರವಾಹದ ದಿನ ದೋಣಿಯನ್ನೂ ಹೊರುತ್ತದೆ. ಇಲ್ಲೊಂದು ಕಣ್ಣಿಗೆ ಬೀಳದ ತೊಡಕಿದೆ. ಟ್ರ್ಯಾಲಿಯ ಕಮಾನು ಪಟ್ಟಿಗಳನ್ನು ಟನ್‌ಗಟ್ಟಲೆ ಭಾರಕ್ಕೆಂದು ಜೋಡಿಸಿರುತ್ತಾರೆ. ಒಂದೆರಡು ಕ್ವಿಂಟಲ್ ತೂಗುವ ದೋಣಿಗೆ ಆ ಪಟ್ಟಿಗಳು ಬಗ್ಗುವುದೇ ಇಲ್ಲ. ಬಗ್ಗದ ಕಮಾನು ಇದ್ದೂ ಇಲ್ಲದಂತೆ. ರಸ್ತೆಯ ಪ್ರತಿ ಗುಂಡಿಯ ಹೊಡೆತ ನೇರ ದೋಣಿಯ ತಳಕ್ಕೆ. ಯಾದಗಿರಿಯಿಂದ ಸುರಪುರದ ಕಡೆಗೆ ಐವತ್ತು ಅರವತ್ತು ಕಿಲೊಮೀಟರ್ ಖಾಲಿ ಟ್ರ್ಯಾಲಿಯ ಕಬ್ಬಿಣದ ತಗಡಿನ ಮೇಲೆ ಕುಣಿಯುತ್ತಾ ಬಂದ ಫೈಬರ್ ದೋಣಿ, ಹೊಳೆಯಲ್ಲಿ ಒಂದು ವರ್ಷ ಪಡೆಯದ ಪೆಟ್ಟನ್ನು ಎರಡು ತಾಸಿನಲ್ಲಿ ಪಡೆದಿರುತ್ತದೆ. ನೀರು ದೋಣಿಯ ತಳವನ್ನು ಎಲ್ಲ ಕಡೆಯಿಂದ ಸಮನಾಗಿ ಎತ್ತಿ ಹಿಡಿಯುತ್ತದೆ. ಟ್ರ್ಯಾಲಿಯ ಅಂಚು, ಬೋಲ್ಟಿನ ತಲೆ, ಹಿಂದಿನ ಬಾಗಿಲಿನ ಕೊಂಡಿ ಒಂದೇ ಬಿಂದುವಿನಲ್ಲಿ ಚುಚ್ಚುತ್ತವೆ. ಬಿದಿರಿನ ತೆಪ್ಪವಾದರೆ ಹೊದಿಕೆ ಹರಿಯುತ್ತದೆ. ಫೈಬರ್ ಆದರೆ ಮೇಲಿನ ನುಣುಪಾದ ಪದರದಲ್ಲಿ ಜೇಡನ ಬಲೆಯಂಥ ಸೀಳು ಮೂಡಿ, ಅದರ ಮೂಲಕ ನೀರು ಒಳಗಿನ ಗಾಜಿನ ನಾರಿಗೂ ಕಟ್ಟಿಗೆಗೂ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಕೂದಲೆಳೆ, ಒಳಗೆ ಕೊಳೆತ.

ಟ್ರ್ಯಾಲಿಯನ್ನು ದೋಣಿಗೆ ಹೊಂದಿಸುವುದು ಊರಿನ ವೆಲ್ಡಿಂಗ್ ಅಂಗಡಿಯ ಕೈಗೆ ಮೀರಿದ ಕೆಲಸವಲ್ಲ. ಹಳೆಯ ಎರಡು ಗಾಲಿಯ ಟ್ರ್ಯಾಲಿಯೊಂದನ್ನು ಇದಕ್ಕೇ ಮೀಸಲಿಟ್ಟು, ಕಮಾನಿನ ಕೆಲವು ಪಟ್ಟಿ ಬಿಚ್ಚಿದರೆ ಹಗುರ ಭಾರಕ್ಕೂ ಅದು ಬಗ್ಗುತ್ತದೆ. ತಗಡಿನ ಮೇಲೆ ಎರಡು ಉದ್ದನೆಯ ಮರದ ತೊಲೆ ಕೂರಿಸಿ, ದೋಣಿಯ ತಳದ ಬಾಗಿಗೆ ತಕ್ಕಂತೆ ಕೆತ್ತಿ, ಮೇಲೆ ಹಳೆಯ ಟೈರಿನ ರಬ್ಬರು ಹೊದಿಸಬೇಕು. ಮೋಟಾರು ಕಚ್ಚಿಸುವ ಹಿಂಬದಿಯ ಹಲಗೆ ದೋಣಿಯ ಅತಿ ಭಾರದ ಜಾಗ. ತೊಲೆಗಳು ಅದರ ಅಡಿಯವರೆಗೂ ಚಾಚಿರಬೇಕು. ಮೋಟಾರನ್ನು ದಾರಿಯುದ್ದಕ್ಕೂ ಅಲ್ಲೇ ನೇತುಬಿಟ್ಟರೆ ಪ್ರತಿ ಕುಲುಕಿಗೂ ಅದು ಹಲಗೆಯನ್ನು ಮೀಟುತ್ತದೆ, ಅದಕ್ಕೇ ಬಿಚ್ಚಿ ಬೇರೆ ಮಲಗಿಸಬೇಕು. ಗುಂಡು ತೆಪ್ಪಕ್ಕೆ ತೊಲೆಯೂ ಬೇಡ: ದಪ್ಪಗೆ ಭತ್ತದ ಹುಲ್ಲು ಹಾಸಿ, ಬೋರಲು ಹಾಕಿ, ಅಂಚಿನ ಬಳೆಗೆ ನಾಲ್ಕು ಕಡೆ ಹಗ್ಗ ಬಿಗಿದರೆ ಸಾಕು. ನಮ್ಮ ಎರೆ ಭೂಮಿಯ ಸ್ವಭಾವಕ್ಕೆ ಇನ್ನೊಂದು ವ್ಯವಸ್ಥೆ ಬೇಕು. ಶಹಾಪುರ, ಸುರಪುರ ಕಡೆಯ ಕರಿ ಮಣ್ಣು ಮಳೆ ಕುಡಿದ ಮೇಲೆ ಟ್ರ್ಯಾಕ್ಟರನ್ನೇ ನುಂಗುತ್ತದೆ. ಉದ್ದನೆಯ ಗಟ್ಟಿ ಹಗ್ಗ ಇದ್ದರೆ ಟ್ರ್ಯಾಕ್ಟರು ಗಟ್ಟಿ ನೆಲದ ಮೇಲೆ ನಿಂತು ಟ್ರ್ಯಾಲಿಯನ್ನಷ್ಟೇ ಇಳಿಜಾರಿಗೆ ಬಿಟ್ಟು ಎಳೆದುಕೊಳ್ಳಬಹುದು. ಉಸುಕು ಸುರಿಯಲು ಬಳಸುವ, ಹಿಂದಕ್ಕೆ ವಾಲುವ ಟ್ರ್ಯಾಲಿ ಸಿಕ್ಕರೆ ಇನ್ನೂ ಸಲೀಸು. ದೋಣಿ ತಾನೇ ಜಾರಿ ನೀರಿಗೆ ಸೇರುತ್ತದೆ.

ನೀರಿಗಿಳಿದ ಗಾಡಿಗೆ ಏನಾಗುತ್ತದೆ ಎಂಬುದು ತುಸು ವಿವರವಾಗಿ ಹೇಳಬೇಕಾದ ವಿಷಯ, ಏಕೆಂದರೆ ಹಳೆಯ ಟ್ರೇಲರುಗಳು ಸಾಯುವುದು ಇದೇ ಜಾಗದಲ್ಲಿ. ಇಪ್ಪತ್ತು ಮೂವತ್ತು ಕಿಲೊಮೀಟರ್ ಓಡಿ ಬಂದ ಗಾಲಿಯ ಹಬ್ ಬಿಸಿಯಾಗಿರುತ್ತದೆ, ಅದರೊಳಗಿನ ಗಾಳಿ ಹಿಗ್ಗಿರುತ್ತದೆ. ಅದನ್ನು ನೇರ ತಣ್ಣೀರಿಗೆ ಅದ್ದಿದರೆ ಗಾಳಿ ತಟ್ಟನೆ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನೂ ರೇವೆಯನ್ನೂ ಒಳಗೆಳೆದುಕೊಳ್ಳುತ್ತದೆ. ಗ್ರೀಸು ಮಜ್ಜಿಗೆಯಂತೆ ಬಿಳುಚುತ್ತದೆ. ಗಾಡಿಯನ್ನು ಮರಳಿ ತಂದು ಹತ್ತು ತಿಂಗಳು ನಿಲ್ಲಿಸಿದರೆ ಬೇರಿಂಗಿನ ಉರುಳೆಗಳ ಮೇಲೆ ತುಕ್ಕಿನ ಗೆರೆ ಬೀಳುತ್ತದೆ. ಮುಂದಿನ ಪ್ರವಾಹದ ದಿನ ಅದೇ ಬೇರಿಂಗು ನಡುರಸ್ತೆಯಲ್ಲಿ ಕಿರುಚಿ ಕಚ್ಚಿಕೊಳ್ಳುತ್ತದೆ. ಪರಿಹಾರ ಸರಳ. ನೀರಿಗಿಳಿಸುವ ಮೊದಲು ಅರ್ಧ ತಾಸು ಆರಲು ಬಿಡಿ. ಅಷ್ಟು ಪುರುಸೊತ್ತಿಲ್ಲದಿದ್ದರೆ, ಪ್ರವಾಹದಲ್ಲಿ ಇರುವುದಿಲ್ಲ ಕೂಡ, ಮರಳಿದ ಮೇಲೆ ಹಬ್ ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಿ. ಟೈರುಗಳ ವಿಷಯದಲ್ಲಿ ಇನ್ನೊಂದು ಮೋಸವಿದೆ. ವರ್ಷಕ್ಕೆ ನೂರು ಕಿಲೊಮೀಟರೂ ಓಡದ ಟೈರಿನ ಗೀರುಗಳು ಹೊಸದರಂತೆಯೇ ಇರುತ್ತವೆ. ಆದರೆ ರಬ್ಬರು ಸವೆತದಿಂದ ಮಾತ್ರ ಸಾಯುವುದಿಲ್ಲ, ವಯಸ್ಸಿನಿಂದಲೂ ಸಾಯುತ್ತದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಆ ನಾಲ್ಕು ಅಂಕಿ ಮತ್ತು ಮಗ್ಗುಲಿನ ಸಣ್ಣ ಬಿರುಕುಗಳು ಹೇಳುವ ಸತ್ಯವನ್ನು ಗೀರುಗಳ ಆಳ ಹೇಳುವುದಿಲ್ಲ.

ಮತ್ತೆ ಕೊನೆಯ ಸಣ್ಣ ವಸ್ತು, ಟ್ರ್ಯಾಕ್ಟರಿಗೂ ಟ್ರ್ಯಾಲಿಗೂ ನಡುವಿನ ಪಿನ್ನು ಮತ್ತು ಅದು ಮೇಲೇಳದಂತೆ ತಡೆಯುವ ಕೊಕ್ಕೆ. ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಆ ವಚನಕಾರ ಬಂಡಿಗೆ ಕಡೆಗೀಲೇ ಆಧಾರವೆಂಬ ದಿನಬಳಕೆಯ ಮಾತನ್ನು ಹಿಡಿದು ದೊಡ್ಡ ತತ್ವ ಹೇಳಿದವನು. ತತ್ವವನ್ನು ಸದ್ಯಕ್ಕೆ ಬದಿಗಿಟ್ಟು ಕೀಲನ್ನೇ ನೋಡಿದರೂ ಸಾಕು. ಪಿನ್ನಿನ ಜಾಗದಲ್ಲಿ ಕಬ್ಬಿಣದ ಸರಳಿನ ತುಂಡು, ಕೊಕ್ಕೆಯ ಜಾಗದಲ್ಲಿ ಬೈಂಡಿಂಗ್ ತಂತಿ ಸಿಕ್ಕಿಸಿದ ಟ್ರ್ಯಾಲಿಗಳು ಹಾದಿಯಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ದಾಸಿಮಯ್ಯನ ಸೀಮೆಯಲ್ಲಿ ಇದು ಸ್ವಲ್ಪ ನಾಚಿಕೆಯ ವಿಷಯ.

ಇಷ್ಟೆಲ್ಲ ಯಾಕೆ, ಸೇತುವೆ ಕಟ್ಟಿದರೆ ದೋಣಿಯ ಹಂಗೇ ಇರುವುದಿಲ್ಲವಲ್ಲ ಎಂಬುದು ಮೊದಲ ಆಕ್ಷೇಪ, ಮತ್ತು ಬಲವಾದ ಆಕ್ಷೇಪ. 2013ರ ಮಳೆಗಾಲದಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗಾಗಿ ಒಣ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಉಕ್ಕುವ ಕೃಷ್ಣೆಯನ್ನು ಈಜಿ ದಾಟಿದ್ದು ದೇಶದಾಚೆಗೂ ಸುದ್ದಿಯಾಯಿತು. ಅದನ್ನು ಓದಿದ ಯಾರೂ ಅಲ್ಲಿಗೆ ಒಳ್ಳೆಯ ತೆಪ್ಪ ಸಾಕಿತ್ತು ಎನ್ನಲಾರರು. ಸೇತುವೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇತುವೆ ಇದ್ದ ಕಡೆ ಏನಾಗಿದೆಯೆಂದೂ ನೋಡಬೇಕು. ಹೂವಿನಹೆಡಗಿಯಲ್ಲಿ ಸೇತುವೆ ಇದೆ. ಪ್ರವಾಹ ಬಂದಾಗ ಅದೂ ಮುಚ್ಚುತ್ತದೆ. ಲಿಂಗಸುಗೂರು ಕಡೆಯ ಗಡ್ಡಿಗಳಿಗೆ ಹೋಗುವ ಶೀಲಹಳ್ಳಿ ಸೇತುವೆಯ ಪಾಡೂ ಅದೇ. 2019ರ ಆಗಸ್ಟಿನಲ್ಲಿ ಬಸವಸಾಗರದಿಂದ ಬಿಟ್ಟ ನೀರು 6 ಲಕ್ಷ ಕ್ಯುಸೆಕ್ ಆಸುಪಾಸಿಗೆ ಏರಿತ್ತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು, ಅಂದರೆ ಪ್ರತಿ ಸೆಕೆಂಡಿಗೆ ಒಂದು ಕೋಟಿ 70 ಲಕ್ಷ ಲೀಟರ್. ಮರುವರ್ಷ, 2020ರ ಅಕ್ಟೋಬರಿನಲ್ಲಿ, ಭೀಮೆ ತನ್ನ ದಂಡೆಯ ಊರುಗಳನ್ನು ಮುಳುಗಿಸಿದಳು. ಸೇತುವೆ ನಿಂತ ಜಾಗದಲ್ಲೇ ನಿಲ್ಲುತ್ತದೆ, ಪ್ರವಾಹ ತನಗೆ ಬೇಕಾದಲ್ಲಿ ಏರುತ್ತದೆ. ಯಾವ ಊರಿನ ಸುತ್ತ ನೀರು ನಿಲ್ಲುತ್ತದೆಂದು ಮುಂಚೆ ಗೊತ್ತಿರದಿದ್ದಾಗ ಬೇಕಾಗುವುದು ಚಲಿಸಬಲ್ಲ ಸಾಧನ, ಗಾಲಿಯ ಮೇಲೆ ಕೂತ ದೋಣಿ. ಸೇತುವೆಯ ಪರವಾದ ವಾದ ದೋಣಿಯ ವಿರುದ್ಧದ ವಾದ ಆಗಬೇಕಿಲ್ಲ.

ಅಣೆಕಟ್ಟು ಇನ್ನೊಂದು ಬದಲಾವಣೆಯನ್ನೂ ತಂದಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯುವ ಮೊದಲು ನದಿ ಏರುವುದನ್ನು ದಂಡೆಯವರು ಮೋಡ, ನೀರಿನ ಬಣ್ಣ, ತೇಲಿ ಬರುವ ಕಸಕಡ್ಡಿ ನೋಡಿ ಅಂದಾಜಿಸಬಹುದಿತ್ತು. ಈಗ ಕೆಳಗಿನ ಊರುಗಳಿಗೆ ನೀರು ಬರುವುದು ಗೇಟಿನ ಲೆಕ್ಕದಲ್ಲಿ. ಇಲ್ಲಿ ಹನಿ ಮಳೆಯಿಲ್ಲದಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು ಆಲಮಟ್ಟಿ ಅಣೆಕಟ್ಟು ದಾಟಿ ಬಂದು ದಂಡೆಯ ಮೇಲೆ ನಿಲ್ಲುತ್ತದೆ. ಮುನ್ಸೂಚನೆ ಈಗ ಹೆಚ್ಚು ಖಚಿತ, ಆದರೆ ಸಿಗುವ ಹೊತ್ತು ತಾಸುಗಳ ಲೆಕ್ಕದ್ದು. ಆ ತಾಸುಗಳಲ್ಲಿ ಡಾಂಬರು ಕಾಯಿಸಿ ಬಳಿದು ಒಣಗಿಸಲಾಗದು, ಕಚ್ಚಿಕೊಂಡ ಬೇರಿಂಗು ಬದಲಿಸಲಾಗದು. ವಿಪತ್ತು ನಿರ್ವಹಣಾ ಪಡೆಗಳು ಗಾಳಿ ತುಂಬುವ ರಬ್ಬರ್ ದೋಣಿ ತರುತ್ತವಲ್ಲ ಎನ್ನಬಹುದು. ತರುತ್ತವೆ, ಮತ್ತು ಜೀವ ಉಳಿಸುತ್ತವೆ. ಆದರೆ ಅವೂ ರಸ್ತೆಯ ಮೇಲೆಯೇ ಬರಬೇಕು, ಇದೇ ಬಿಸಿಲಿನ ಕೆಳಗೇ ಕಾಯಬೇಕು. ಬೆಳಗಿನ ತಂಪಿನಲ್ಲಿ, 25 ಡಿಗ್ರಿಯಲ್ಲಿ, ಮೂರೂವರೆ ಪೌಂಡ್ ಗಾಳಿ ತುಂಬಿದ ರಬ್ಬರ್ ದೋಣಿ ಮಧ್ಯಾಹ್ನ ದಂಡೆಯಲ್ಲಿ 50 ಡಿಗ್ರಿ ಕಾದರೆ ಒಳಗಿನ ಒತ್ತಡ ಐದು ಪೌಂಡಿನ ಹತ್ತಿರ ಹೋಗುತ್ತದೆ. ಅಂಟಿಸಿದ ಹೊಲಿಗೆಗಳು ಬಿಡುವುದು ಆಗಲೇ. ಮೋಟಾರಿನದ್ದು ಇನ್ನೊಂದು ಗೋಳು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ, ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕಳೆದ ಪ್ರವಾಹದ ಪೆಟ್ರೋಲು ಟ್ಯಾಂಕಿನಲ್ಲೇ ಉಳಿದಿದ್ದರೆ ನೀರು ತಳಕ್ಕೆ ಇಳಿದು ಬೇರೆಯಾಗಿ, ಬೇಕಾದ ದಿನ ಮೋಟಾರು ಕೆಮ್ಮಿ ಸುಮ್ಮನಾಗುತ್ತದೆ. ಹೊಸ ದೋಣಿಯೂ ದಂಡೆಯ ಮೇಲೇ ಹಳೆಯದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

‘ಹಾಗಾದರೆ ಬಿದಿರಿನದನ್ನು ಬಿಟ್ಟು ಫೈಬರ್ ತೆಪ್ಪ ಕೊಳ್ಳಲಿ’ ಎಂಬ ಮಾತಿನಲ್ಲೂ ಹುರುಳಿದೆ. ಫೈಬರ್‌ಗೆ ಹುಳು ಹಿಡಿಯದು, ಡಾಂಬರು ಬೇಡ, ಮಕ್ಕಳನ್ನು ಶಾಲೆಗೆ ದಾಟಿಸುವಂಥ ದಿನನಿತ್ಯದ ಕಡವಿಗೆ ಅದೇ ಮೇಲು. ಆದರೆ ಕೆಟ್ಟಾಗ ಸರಿಮಾಡುವ ಕೈಗಳೆಲ್ಲಿವೆ ಎಂಬುದೇ ಇಲ್ಲಿ ತೂಗಬೇಕಾದದ್ದು. ಬುಟ್ಟಿ ಹೆಣೆಯುವ ಮೇದಾರರು, ತೆಪ್ಪದ ಮೈ ಅರಿತ ಅಂಬಿಗರು ಈ ಸೀಮೆಯಲ್ಲಿ ಇದ್ದಾರೆ. ಕೆಟ್ಟ ದಬ್ಬೆಯನ್ನು ಅವರು ಮಧ್ಯಾಹ್ನದೊಳಗೆ ಬದಲಿಸಬಲ್ಲರು. ಫೈಬರ್‌ನ ದುರಸ್ತಿ ಕಷ್ಟವಲ್ಲ, ಕಲಿಯಬೇಕು ಅಷ್ಟೇ: ಸೀಳಿನ ಅಂಚನ್ನು ಅಗಲವಾಗಿ ಇಳಿಜಾರಾಗಿ ಉಜ್ಜಿ, ಚೆನ್ನಾಗಿ ಒಣಗಿಸಿ, ಗಾಜಿನ ನಾರಿನ ಪದರಗಳನ್ನು ರಾಳದಲ್ಲಿ ನೆನೆಸಿ ಒಂದರ ಮೇಲೊಂದು ಕೂರಿಸಬೇಕು. ಇಲ್ಲಿಯೂ ಬಿಸಿಲು ಅಡ್ಡ ಬರುತ್ತದೆ. ರಾಳ ಗಟ್ಟಿಯಾಗಲು ಬೆರೆಸುವ ರಾಸಾಯನಿಕವನ್ನು ತಂಪು ಊರಿನ ಅಳತೆಯಲ್ಲೇ ಇಲ್ಲಿನ ಮೇ ತಿಂಗಳಲ್ಲಿ ಹಾಕಿದರೆ ಬ್ರಷ್ಷಿನಲ್ಲೇ ಕಲ್ಲಾಗುತ್ತದೆ, ಹಾಗಾಗಿ ಬೆಳಗಿನ ಜಾವದ ಕೆಲಸ ಅದು. ಕಲಿತವರಿಲ್ಲದ ಊರಿಗೆ ಫೈಬರ್ ಕೊಟ್ಟರೆ ಮೊದಲ ಸೀಳಿಗೇ ಅದು ದನಕ್ಕೆ ನೀರು ಕುಡಿಸುವ ತೊಟ್ಟಿಯಾಗುತ್ತದೆ. ಹೊಸ ದೋಣಿ ಹಸ್ತಾಂತರಿಸುವಾಗ ಫೋಟೊ ಇರುತ್ತದೆ, ಬ್ಯಾನರ್ ಇರುತ್ತದೆ. ಹಬ್ಬಿಗೆ ಗ್ರೀಸು ತುಂಬುವ ಫೋಟೊ ಈವರೆಗೆ ಯಾವ ಪತ್ರಿಕೆಯಲ್ಲೂ ಕಂಡಂತಿಲ್ಲ!

ಗಂಭೀರವಾಗಿ ತೆಗೆದುಕೊಳ್ಳಬೇಕಾದ ಆಕ್ಷೇಪ ಕೊನೆಯದು. ಹಳೆಯ ತೆಪ್ಪಕ್ಕೆ ಮರುಜೀವ ಕೊಡುವುದೆಂದರೆ ಅಪಾಯಕ್ಕೆ ಮರುಜೀವ ಕೊಟ್ಟಂತಲ್ಲವೇ? ತೆಪ್ಪ ಮಗುಚಿ ಜನ ಸತ್ತ ಸುದ್ದಿಗಳು ಕೃಷ್ಣೆಯ ದಂಡೆಗೆ ಹೊಸವಲ್ಲ. 2020ರ ಆಗಸ್ಟಿನಲ್ಲಿ ರಾಯಚೂರು ಜಿಲ್ಲೆಯ ನಡುಗಡ್ಡೆಯ ಜನ ಹೊಳೆ ದಾಟುವಾಗ ಅಂಥದೇ ದುರಂತವಾಯಿತು. ಇದಕ್ಕೆ ಉತ್ತರ ಹುಡುಕುವಾಗ ತೆಪ್ಪ ಮುಳುಗುವ ಬಗೆಯನ್ನು ಅರಿಯಬೇಕು. ಒಬ್ಬರಿಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ಹತ್ತು ಅಡಿಯ ತೆಪ್ಪ ಹತ್ತು ಹನ್ನೆರಡು ಜನರನ್ನು ಸುಲಭವಾಗಿ ತೇಲಿಸಬಲ್ಲದು. ಆದರೆ ತಳ ಬಾಗಿರುವುದರಿಂದ ನಿಜದಲ್ಲಿ ಇನ್ನಷ್ಟು ಇಳಿಯುತ್ತದೆ, ತಳದಲ್ಲಿ ನಿಂತ ನೀರು ಒಂದು ಬದಿಗೆ ಹರಿದರೆ ವಾಲುತ್ತದೆ, ನಾಲ್ವರು ಒಮ್ಮೆಗೇ ಒಂದು ಕಡೆ ಎದ್ದರೆ ಬಾಯಿ ನೀರು ಮುಟ್ಟುತ್ತದೆ. ಸೋರಿಕೆ, ಅತಿ ಭಾರ, ಎದ್ದು ನಿಲ್ಲುವುದು ಈ ಮೂರರಿಂದಲೇ ಹೆಚ್ಚಾಗಿ ದುರಂತ. ದುರಸ್ತಿ ಮೊದಲನೆಯದನ್ನು ಮಾತ್ರ ತಡೆಯುತ್ತದೆ. ಉಳಿದ ಎರಡಕ್ಕೆ ನಿಯಮ ಬೇಕು. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಒಳಗೊಂಡು, ಅವುಗಳ ನೋಂದಣಿಯನ್ನು ಸ್ಥಳೀಯ ಮಟ್ಟದಲ್ಲಿ ಮಾಡಲು ಅವಕಾಶವಿಟ್ಟಿದೆ. ಪಂಚಾಯಿತಿಯೊಂದು ತನ್ನ ವ್ಯಾಪ್ತಿಯ ತೆಪ್ಪಗಳ ಪಟ್ಟಿ ಮಾಡಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಅಂಚಿನ ಬಳೆ ಕೆಟ್ಟವನ್ನು ಅಲ್ಲೇ ಮುರಿದು ಹಾಕುವುದಾದರೆ ಅಪಾಯಕಾರಿ ತೆಪ್ಪಗಳು ಹೆಚ್ಚುವುದಿಲ್ಲ, ಕಡಿಮೆಯಾಗುತ್ತವೆ. ಯಾರೂ ಪರೀಕ್ಷಿಸದ, ಯಾರದೆಂದೂ ಗೊತ್ತಿಲ್ಲದ ತೆಪ್ಪವನ್ನೇ ಪ್ರವಾಹದ ದಿನ ಜನ ಹುಡುಕಿ ತೆಗೆಯುತ್ತಾರೆ. ಬೇರೆ ದಾರಿ ಇಲ್ಲದವರಿಗೆ ನಿಷೇಧ ಕೇಳಿಸುವುದಿಲ್ಲ.

ಈ ಕೆಲಸಕ್ಕೆ ಕಾಲವೂ ನಮ್ಮ ಪಂಚಾಂಗದಲ್ಲೇ ಇದೆ. ಬಸವ ಜಯಂತಿಯಿಂದ ಕಾರಹುಣ್ಣಿಮೆಯವರೆಗಿನ ದಿನಗಳಲ್ಲಿ ರೈತರು ಬಂಡಿ, ಕುಂಟೆ, ಕೂರಿಗೆಗಳನ್ನು ಹೇಗೂ ಸರಿಮಾಡಿಸುತ್ತಾರೆ. ಬಡಿಗೇರ, ಕಂಬಾರರ ಮನೆ ಮುಂದೆ, ವೆಲ್ಡಿಂಗ್ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ತೆಪ್ಪವೂ ಟ್ರ್ಯಾಲಿಯೂ ಅದೇ ಸಾಲಿನಲ್ಲಿ ನಿಲ್ಲಬೇಕು. ಒಣ ಹವೆಯಲ್ಲಿ ಹೊದಿಕೆಗೆ ಡಾಂಬರು ಚೆನ್ನಾಗಿ ಕಚ್ಚುತ್ತದೆ, ಮೊದಲ ಮಳೆಯ ತೇವ ಸೇರಿದ ಮೇಲೆ ಎಷ್ಟು ಬಳಿದರೂ ಸಿಪ್ಪೆಯಂತೆ ಏಳುತ್ತದೆ. ಬಳಿದಾದ ಮೇಲೆ ತೆಪ್ಪ ಬೇವಿನ ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಬೋರಲು ಕೂರಬೇಕು. ಆನಂತರ ಪರೀಕ್ಷೆ. ಹೊಳೆಯಲ್ಲಲ್ಲ, ಊರ ಕೆರೆಯಲ್ಲಿ. ಎಷ್ಟು ಜನರನ್ನು ದಾಟಿಸುವ ಉದ್ದೇಶವೋ ಅಷ್ಟು ಜನರ ತೂಕದ ಉಸುಕಿನ ಚೀಲ ಹಾಕಿ ಒಂದು ರಾತ್ರಿ ತೇಲಲು ಬಿಟ್ಟು, ಬೆಳಿಗ್ಗೆ ತಳದಲ್ಲಿ ಎಷ್ಟು ಕೊಡ ನೀರು ಸೇರಿದೆಯೆಂದು ಅಳೆಯಬೇಕು. ಚೀಲ ಹಾಕಿದ ಕೂಡಲೇ, ಒಳಗೆ ನೀರು ಸೇರುವ ಮೊದಲೇ, ತೆಪ್ಪದ ಹೊರಮೈಯಲ್ಲಿ ನೀರು ಮುಟ್ಟಿದ ಮಟ್ಟಕ್ಕೆ ಸುತ್ತಲೂ ಬಿಳಿ ಬಣ್ಣದ ಗೆರೆ ಎಳೆಯಬೇಕು. ಬ್ರಿಟನ್ನಿನ ಹಡಗುಗಳಿಗೆ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿ 1876ರಲ್ಲಿ ಕಾನೂನಾಗಿ ತಂದದ್ದು ಇಂಥದೇ ಒಂದು ಗೆರೆಯನ್ನು. ಅಂಬಿಗನಿಗೆ ಜನರೊಂದಿಗೆ ಜಗಳವಾಡುವ ಕೆಲಸ ಆಗ ಉಳಿಯುವುದಿಲ್ಲ. ಗೆರೆ ನೀರು ಮುಟ್ಟಿದರೆ ಆಮೇಲೆ ಬಂದವರು ದಂಡೆಯ ಮೇಲೆ ಮುಂದಿನ ಸರದಿಗೆ ನಿಲ್ಲುತ್ತಾರೆ.